ಹಸಿರು ಕಾಯಿ, ಕೆಂಪು ಹಣ್ಣು, ನಡುವೆ ಒಂದು ಮದುವೆ

ಗೋಡೆಯ ಮೇಲೆ ಓಡುತ್ತಿದ್ದ ಕುಂಚ ಗಕ್ಕನೆ ನಿಂತುಬಿಟ್ಟಿತು.

ಮಸ್ಕಿಯಲ್ಲಿ ನನ್ನ ತಂಗಿ ಶಾಂತಾಳ ಮನೆ. ಅವಳ ಮಗಳು ಅಂಬಿಕಾಳ ಮದುವೆಗೆ ಇನ್ನು ಹನ್ನೆರಡೇ ದಿನ. ನಮ್ಮ ಕಡೆ ಗೊತ್ತಲ್ಲ, ಮದುವೆ ಮನೆ ಅಂದಮೇಲೆ ಮುಂದಿನ ಗೋಡೆಗೆ ಸುಣ್ಣ ಬಳಿದು, ಗಣಪನನ್ನು ಬರೆಸಿ, ಅದರ ಕೆಳಗೆ ಹುಡುಗ ಹುಡುಗಿಯ ಹೆಸರು, ತಾರೀಖು, ಸ್ಥಳ ಎಲ್ಲವನ್ನೂ ಬಣ್ಣದಲ್ಲಿ ಬರೆಸಬೇಕು. ಕಾರ್ಡು ಎಷ್ಟೇ ಹಂಚಿರಿ, ಗೋಡೆ ಬರೆಸದಿದ್ದರೆ ಓಣಿಯವರಿಗೆ ಮದುವೆಯ ಮೇಲೆ ನಂಬಿಕೆ ಬರುವುದಿಲ್ಲ.

ಬರೆಯಲು ಬಂದವರು ಖಾಜಾಸಾಬ್. ಮಸ್ಕಿಯ ಅರ್ಧ ಅಂಗಡಿಗಳ ಬೋರ್ಡು, ಮುಕ್ಕಾಲು ಟ್ರ್ಯಾಕ್ಟರುಗಳ ಹಿಂದಿನ 'ತಾಯಿಯ ಆಶೀರ್ವಾದ' ಎಲ್ಲ ಅವರ ಕೈಯಿಂದಲೇ ಆದದ್ದು. ಗಣಪ ಮುಗಿಯಿತು. ಹೆಸರುಗಳು ಮುಗಿದವು. ತಾರೀಖು ಬರೆದು, ಏಣಿಯ ಮೇಲಿಂದಲೇ ತಿರುಗಿ ಅಂದರು: "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತ ನಾ ಮದುವೀಗಿ ಬರಾಕ ಆಗಂಗಿಲ್ಲ. ನಮ್ಮ ಪರ್ವೀನಂದೂ ಅವತ್ತ ನಿಕಾ ಐತ್ರಿ."

"ಅಯ್ಯ, ಚಲೋ ಆತಲ್ಲ! ಎಲ್ಲಿ ಇಟ್ಕೊಂಡೀರಿ?" ಅಂದಳು ಶಾಂತಾ.

"ಇಲ್ಲೇ ಮಸ್ಕ್ಯಾಗ" ಅನ್ನುತ್ತ ಖಾಜಾಸಾಬ್ ಕುಂಚ ಅದ್ದಿದರು. ಸ್ಥಳ ಬರೆಯಬೇಕು. ಕೈಯಲ್ಲಿದ್ದ ಚೀಟಿ ನೋಡಿದರು. ನಮ್ಮನ್ನು ನೋಡಿದರು. ಮತ್ತೆ ಚೀಟಿ ನೋಡಿದರು.

"ಅಕ್ಕಾರ, ಈ ಹಾಲ್ ಅವತ್ತ ನಮಗ ಬುಕ್ ಆಗೈತಲ್ರಿ?"

ಶಾಂತಾ ಕಟ್ಟೆಯ ಮೇಲೆ ಕುಸಿದು ಕೂತಳು. ನಾನು ಕೆಳಗೆ ಏಣಿ ಹಿಡಿದಿದ್ದೆ. ನಾನು ಏಣಿಯನ್ನು ಹಿಡಿದಿದ್ದೆನೋ, ಏಣಿ ನನ್ನನ್ನು ಹಿಡಿದಿತ್ತೋ, ಈಗ ಹೇಳಲಾರೆ.

ಒಂದೇ ಮದುವೆ ಹಾಲನ್ನು ಇಬ್ಬರಿಗೆ ಕೊಡುವವರು ಎಲ್ಲ ಊರಲ್ಲೂ ಇರುತ್ತಾರೆ, ಇದರಲ್ಲಿ ಬರೆಯುವಂಥದ್ದೇನು ಅಂತೀರಾ? ತಾಳಿ. ಆ ಹಾಲಿನ ಬುಕಿಂಗ್ ನಡೆಯುವುದು ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿಗೆ ಬುಕಿಂಗ್ ಪುಟ ಮಾಡಿಕೊಟ್ಟವಳು ಸಾಕ್ಷಾತ್ ಮದುಮಗಳು ಅಂಬಿಕಾ. ಆ ಪುಟಕ್ಕೆ ಬಣ್ಣ ಆರಿಸಿಕೊಟ್ಟವಳು ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ನಾನು.

ನಾನು ಲಿಂಗಸುಗೂರಿನಲ್ಲಿ ಡ್ರಾಯಿಂಗ್ ಟೀಚರ್ ಅನ್ನುವುದು ಹಳೆಯ ಓದುಗರಿಗೆ ಗೊತ್ತು. ಡ್ರಾಯಿಂಗ್ ಟೀಚರ್ ಅಂದರೆ ಶಾಲೆಯಲ್ಲಿ ಏನು ಬೆಲೆ ಅನ್ನುವುದೂ ಗೊತ್ತಿರಬೇಕು. ಗಣಿತದವರಿಗೆ ಪೋರ್ಷನ್ ಉಳಿದರೆ ನನ್ನ ಪೀರಿಯಡ್ ಹೋಗುತ್ತದೆ. ವಾರ್ಷಿಕ ಗ್ಯಾದರಿಂಗ್ ಬಂದರೆ ಸ್ಟೇಜಿನ ಹಿಂದೆ ಬಟ್ಟೆ ಕಟ್ಟಲು ನಾನು ಬೇಕು. ಇಪ್ಪತ್ತಾರು ವರ್ಷದಲ್ಲಿ "ಈ ಬಣ್ಣ ಸರಿ ಐತೇನು?" ಅಂತ ದೊಡ್ಡವರೊಬ್ಬರು ನನ್ನನ್ನು ಕೇಳಿದ್ದು ಒಂದೇ ಸಲ. ಹಾಗೆ ಕೇಳಿದವಳು ಅಂಬಿಕಾ. ಅದಕ್ಕೇ ನನ್ನ ತಲೆ ತಿರುಗಿತು.

ಅಂಬಿಕಾ ಸಿಂಧನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಾಳೆ. ಬಿಡುವಾದಾಗ ಅಂಗಡಿಗಳಿಗೆ, ಕ್ಲಿನಿಕ್ಕುಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುತ್ತಾಳೆ. ಮಸ್ಕಿಯ ಆ ಕಲ್ಯಾಣ ಮಂಟಪದ ಕಮಿಟಿಯವರು (ಹೆಸರು ಬರೆಯುವುದಿಲ್ಲ, ಅಧ್ಯಕ್ಷರು ಈ ಅಂಕಣ ಓದುತ್ತಾರೆ) ಹಳೆಯ ರಿಜಿಸ್ಟರ್ ಬಿಟ್ಟು ಕಂಪ್ಯೂಟರಿಗೆ ಹೋಗೋಣ ಅಂದಾಗ ಕೆಲಸ ಇವಳಿಗೆ ಬಂತು. ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಲಿಂಗಸುಗೂರಿಗೆ ಬಂದಳು.

ಪುಟ ಸರಳವಾಗಿತ್ತು. ತಿಂಗಳ ಕ್ಯಾಲೆಂಡರ್. ದಿನಕ್ಕೊಂದು ಚೌಕ. ಚೌಕದೊಳಗೆ 'ಖಾಲಿ ಇದೆ' ಅಥವಾ 'ಬುಕ್ ಆಗಿದೆ'. ಎಲ್ಲ ಬೂದಿ ಬಣ್ಣ.

"ದೊಡ್ಡವ್ವ, ಯಾವ ಬಣ್ಣ ಹಾಕ್ಲಿ?"

"ಖಾಲಿ ದಿನಕ್ಕ ಹಸರು. ಬುಕ್ ಆಗಿದ್ದಕ್ಕ ಕೆಂಪು."

ಇಷ್ಟು ಹೇಳಿ ಬಾಯಿ ಮುಚ್ಚಿದ್ದರೆ ನಾನು ಜಾಣೆ. ಮುಚ್ಚಲಿಲ್ಲ.

"ಈ ಅಕ್ಷರ ಎಲ್ಲಾ ತೆಗಿ. ಕಸ ಚೆಲ್ಲಿದಂಗ ಕಾಣಾಕತ್ತಾವ."

"ತೆಗದ್ರ ಮಂದಿಗೆ ಹೆಂಗ ಗೊತ್ತಾಗಬೇಕು?"

"ಬಣ್ಣನ ಮಾತಾಡತೈತಿ ಬೇ. ಸಿಗ್ನಲ್ ದೀಪದ ಮ್ಯಾಲ 'ನಿಲ್ಲು' ಅಂತ ಬರದಿರ್ತಾರೇನು?"

ಎಂಥ ಉದಾಹರಣೆ ನೋಡಿ! (ಸಿಗ್ನಲ್ ನೋಡಿ ನಿಲ್ಲುವ ಒಬ್ಬನೇ ಒಬ್ಬ ಬೈಕ್ ಸವಾರನನ್ನು ನಾನು ಈ ಭಾಗದಲ್ಲಿ ಕಂಡಿಲ್ಲ. ಆದರೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ.) ಅಂಬಿಕಾ ಮನಸ್ಸಿಲ್ಲದ ಮನಸ್ಸಿನಿಂದ ಅಕ್ಷರ ತೆಗೆದಳು.

ಇನ್ನೊಂದು ಸಂಗತಿ ಇತ್ತು. ಕಮಿಟಿಯವರು ಕೆಲವೊಮ್ಮೆ ಒಂದೇ ದಿನ ಎರಡು ಕಾರ್ಯಕ್ರಮಕ್ಕೆ ಹಾಲ್ ಕೊಡುವುದುಂಟು. ಬೆಳಿಗ್ಗೆ ಒಂದು ತೊಟ್ಟಿಲು, ಸಂಜೆ ಒಂದು ಸನ್ಮಾನ. ಹಾಗಾಗಿ ಬುಕ್ ಆದ ದಿನವನ್ನು ಮತ್ತೆ ಒತ್ತಿದರೆ ಕಂಪ್ಯೂಟರ್ 'ಇದು ಆಗಲೇ ಬುಕ್ ಆಗಿದೆ, ಮುಂದುವರಿಯಬೇಕೇ?' ಅಂತ ಕೇಳುತ್ತಿತ್ತು. ಕೆಳಗೆ ಎರಡು ಬಟನ್: 'ಮುಂದುವರಿ', 'ಬೇಡ'. ಅಲ್ಲೂ ಕೈ ಹಾಕಿದೆ. ಪ್ರಶ್ನೆ ತೆಗೆಸಿ ಒಂದು ದೊಡ್ಡ ಕೆಂಪು ಆಶ್ಚರ್ಯಸೂಚಕ ಚಿಹ್ನೆ ಇಡಿಸಿದೆ. ಮುಂದುವರಿಯುವುದು ಅಪಾಯದ ಕೆಲಸ, ಆ ಬಟನ್ ಬರೀ ಕೆಂಪು ಇರಲಿ, ನೋಡಿದವರು ಹೆದರಲಿ. ಬೇಡ ಅನ್ನುವುದು ಕ್ಷೇಮ, ಅದು ಬರೀ ಹಸಿರು ಇರಲಿ ಅಂದೆ.

ಕೆಂಪಿನಲ್ಲೂ ಎಂಥ ಕೆಂಪು! ಇಟ್ಟಿಗೆ ಕೆಂಪು ಬೇಡ, ಕುಂಕುಮ ಕೆಂಪು ಬೇಡ ಅಂತ ಅರ್ಧ ಗಂಟೆ ಕೂತು ಹುಡುಕಿದೆ. ಕೊನೆಗೆ ಬಿಸಿಲಲ್ಲಿ ಹೊಳೆಯುವ ಹಣ್ಣು ಮೆಣಸಿನಕಾಯಿಯ ಕೆಂಪು ಸಿಕ್ಕಿತು. ಅದಕ್ಕೆ ಜೋಡಿಯಾಗಲಿ ಅಂತ ಗಿಡದ ಮೇಲಿನ ಎಳೆ ಕಾಯಿಯ ಹಸಿರು. ನಾನೇ ಆರಿಸಿದ್ದು. ಯಾರೂ ಬಲವಂತ ಮಾಡಿರಲಿಲ್ಲ.

ಅದೇ ತಿಂಗಳು ಅಂಬಿಕಾಳಿಗೆ ಗೊರೇಬಾಳದ ಹುಡುಗ ಗೊತ್ತಾದ. ಮುಹೂರ್ತ ಗೊತ್ತಾಯಿತು. ಸಿಂಧನೂರಿನಲ್ಲಿ ಕೂತೇ ತನ್ನ ಪುಟ ತೆಗೆದು ಆ ದಿನವನ್ನು ಒತ್ತಿದಳು. ಹಸಿರು ಚೌಕ ಕೆಂಪಾಯಿತು. ಅದರ ಫೋಟೋ ನನಗೆ ಕಳಿಸಿ, "ದೊಡ್ಡವ್ವ, ಮೊದಲನೇ ಬುಕಿಂಗ್ ನಂದ!" ಅಂದಳು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಈಗ ಏಣಿಯ ಹತ್ತಿರ ವಾಪಸ್ ಬನ್ನಿ.

ಫೋನು ಹೋಯಿತು. ಮದುವೆಗೆ ಹನ್ನೆರಡು ದಿನ ಇದ್ದರೂ ಕ್ಲಾಸು ಬಿಡದ ಅಂಬಿಕಾ ಸಿಂಧನೂರಿನಿಂದ ಸಿಕ್ಕ ಬಸ್ಸು ಹತ್ತಿ ಬಂದಳು. ಶಾಂತಾ, ನಾನು, ಅಂಬಿಕಾ, ಕೈಯೆಲ್ಲ ಬಣ್ಣವಾಗಿದ್ದ ಖಾಜಾಸಾಬ್, ಜೊತೆಗೆ ನಮ್ಮ ಮನೆಯವರು, ಎಲ್ಲ ಸೇರಿ ಹಾಲಿಗೆ ಹೋದೆವು. (ನಮ್ಮ ಮನೆಯವರಿಗೆ ಮಾತು ಕಡಿಮೆ. ಆದರೆ ಆಡಿದರೆ, ಯಾಕಾದರೂ ಆಡಿದರಪ್ಪ ಅನ್ನಿಸುತ್ತದೆ.) ಅಧ್ಯಕ್ಷರೂ ಬಂದರು.

ಅಲ್ಲಿ ಮ್ಯಾನೇಜರ್ ಯಂಕಪ್ಪ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ. ಮಂಟಪದ ಕೆಲಸ ಬಿಟ್ಟರೆ ಎರಡೆಕರೆ ಮೆಣಸಿನಕಾಯಿ ಹೊಲ, ಅದು ಬಿಟ್ಟರೆ ಮಂಟಪದ ಕೆಲಸ. ರಿಜಿಸ್ಟರ್ ಕಾಲದಲ್ಲಿ ಒಂದು ದಿನವೂ ತಪ್ಪು ಮಾಡಿದವನಲ್ಲ. ಕಂಪ್ಯೂಟರ್ ಬಂದ ದಿನ ಅದಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಕೆಲಸ ಶುರು ಮಾಡಿದವನು.

"ಯಂಕಪ್ಪ, ಒಂದ ದಿನ ಇಬ್ಬರಿಗಿ ಹೆಂಗ ಕೊಟ್ಟೆಪಾ?" ಅಂದರು ಅಧ್ಯಕ್ಷರು.

ಯಂಕಪ್ಪ ಗಾಬರಿಯಾಗಲಿಲ್ಲ. ಕಂಪ್ಯೂಟರ್ ತೆರೆದು ತಿಂಗಳು ತೋರಿಸಿದ. ಇಡೀ ತಿಂಗಳು ಹಸಿರು. ನಡುವೆ ಒಂದೇ ಒಂದು ಕೆಂಪು ಚೌಕ.

"ನೋಡ್ರಿ, ಖಾಜಾಸಾಬ್ರು ಮಗಳ ನಿಕಾಕ್ಕ ದಿನ ಕೇಳಾಕ ಬಂದ್ರು. ತಿಂಗಳ ತೆಗದು ನೋಡಿದೆ. ಒಂದ ಒಂದು ಹಣ್ಣಾಗಿತ್ತು. ನಮ್ಮ ಖಾಸ್ ಮನಿಷ್ಯಾ ಅಂತ ಅದನ್ನ ಕೊಟ್ಟೆ. ಬ್ಯಾರೇರಿಗಿ ಆಗಿದ್ರ ಕೊಡತಿದ್ದಿಲ್ಲ."

"ಹಣ್ಣಾಗಿತ್ತು ಅಂದ್ರ?" ಅಂದಳು ಅಂಬಿಕಾ.

"ಕೆಂಪಾಗೈತಲ್ರಿ! ಕೆಂಪಾತಂದ್ರ ಹಣ್ಣಾತು, ಹರಕೋಬೇಕು. ಉಳದಾವೆಲ್ಲಾ ಇನ್ನಾ ಹಸರ ಕಾಯಿ ಅದಾವ. ಹಸರ ಕಾಯಿ ಹರದ್ರ ಗಿಡಾನೂ ಹಾಳು, ಕಾಯೀನೂ ಹಾಳು."

ಅಧ್ಯಕ್ಷರ ಮುಖದಲ್ಲಿ ಏನೋ ಬೆಳಕಾಗತೊಡಗಿತು.

"ಯಂಕಪ್ಪ, ಹಂಗಾದ್ರ ಹಸರ ದಿನ ಕೇಳಾಕ ಬಂದೋರ್ನ ಏನ್ ಮಾಡೀದಿ?"

"ವಾಪಸ್ ಕಳಿಸೀನ್ರಿ. 'ಇನ್ನಾ ಆಗಿಲ್ಲ, ಎಂಟು ದಿನ ಬಿಟ್ಟು ಬರ್ರಿ' ಅಂತ ಹೇಳೀನಿ. ದಿನಾ ಮುಂಜಾನಿ ಬಂದು ನೋಡತೀನಿ, ಯಾವುದರ ಕೆಂಪಾಗೈತೇನು ಅಂತ. ಒಂದೂ ಆಗವಲ್ವು. ಈ ಕಂಪ್ಯೂಟರಿಗಿ ನಮ್ಮ ಹವಾ ಹಿಡದಂಗಿಲ್ರಿ."

ಅಧ್ಯಕ್ಷರು ಕುರ್ಚಿ ಹಿಡಿದುಕೊಂಡು ಕೂತರು. ಪಾಪ, ಹಾಲ್ ಖಾಲಿ ಹೊಡೆಯುತ್ತಿರುವುದನ್ನು ನೋಡಿ ಅವರು ಎರಡು ತಿಂಗಳಿಂದ ಚಹಾದಂಗಡಿಯಲ್ಲಿ, "ಈಗಿನ ಹುಡುಗರು ಮದುವೀನ ಆಗವಲ್ರು" ಅಂತ ಭಾಷಣ ಮಾಡುತ್ತಿದ್ದರಂತೆ.

ಅಂಬಿಕಾ ಇನ್ನೂ ಆಸೆ ಬಿಟ್ಟಿರಲಿಲ್ಲ. ಆ ದೊಡ್ಡ ಆಶ್ಚರ್ಯಸೂಚಕವನ್ನು ತೆಗೆದು ತೋರಿಸಿದಳು. "ಕಾಕಾ, ಇದು ಬರಲಿಲ್ಲೇನು? ಹುಷಾರು ಅಂತ ಹೇಳಾಕ ಇಟ್ಟಿದ್ದೆ."

"ಬಂತವ್ವ! ದೊಡ್ಡದು ಬಂತು. 'ಶಾಭಾಸ್!' ಅಂದಂಗ ಆತು. ಕೆಳಗ ಎರಡು ಗುಂಡಿ ಇದ್ವು, ಒಂದು ಕಾಯಿ, ಒಂದು ಹಣ್ಣು. ಹಣ್ಣ ಒತ್ತಿದೆ."

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಯೋಚಿಸಿ ನೋಡಿ. ಕೆಂಪು ಅಂದರೆ ನಿಲ್ಲು ಅಂತ ನಮಗೆ ಯಾರು ಹೇಳಿದರು? ಟೊಮೆಟೊ ಕೆಂಪಾದರೆ ಬಿಡುತ್ತೀರಾ? ಕಲ್ಲಂಗಡಿ ಕೊಯ್ದಾಗ ಒಳಗೆ ಕೆಂಪಿಲ್ಲದಿದ್ದರೆ ಅಂಗಡಿಯವನ ಜೊತೆ ಜಗಳ ತೆಗೆಯುವವರು ನಾವು. ಮನೆಯ ಸ್ವಿಚ್ ಬೋರ್ಡಿನ ಕೆಂಪು ದೀಪ ಹತ್ತಿದರೆ "ಕರೆಂಟ್ ಬಂತು!" ಅಂತ ಕುಣಿಯುತ್ತೇವೆ. ಅದೇ ಕೆಂಪು ಮೊಬೈಲಿನ ಬ್ಯಾಟರಿಯಲ್ಲಿ ಕಂಡರೆ ಜೀವ ಬಾಯಿಗೆ ಬರುತ್ತದೆ. ನೀಲಿ ಟಿಕ್ ನೋಡಿ ಮುನಿಸಿಕೊಂಡ ಗಂಡ ಹೆಂಡಿರನ್ನು ಕೇಳಿ, ಅವರ ಮಟ್ಟಿಗೆ ನೀಲಿಯೇ ಅಪಾಯದ ಬಣ್ಣ.

ಅಲ್ಲಿದ್ದವರೂ ಒಂದೊಂದು ತಲೆ, ಒಂದೊಂದು ಲೆಕ್ಕ. ಅಧ್ಯಕ್ಷರು ತಾವೂ ಆ ಪುಟ ನೋಡಿದ್ದರಂತೆ. "ನಾ ಅದು ಸರ್ಕಾರಿ ಸೂಟಿ ಅನ್ಕೊಂಡಿದ್ದೆ. ಗ್ವಾಡಿ ಕ್ಯಾಲೆಂಡರಿನಾಗ ಸೂಟಿ ದಿನ ಕೆಂಪಗ ಇರತೈತಲ್ಲ" ಅಂದರು. ಶಾಂತಾ ಸಿಟ್ಟಿನಿಂದ ಸೆರಗು ಕೊಡವಿದಳು. "ಕೆಂಪಂದ್ರ ಕುಂಕುಮ, ಹಸರಂದ್ರ ಬಳಿ. ಮದುವೀಗಿ ಎರಡೂ ಬೇಕು. ಅದರಾಗ ಬ್ಯಾಡ ಅನ್ನೋದು ಯಾವುದು?"



ಅಂತೂ ತೀರ್ಮಾನ ಆಗಬೇಕಿತ್ತು. ದಿನ ಬದಲಿಸೋಣ ಅಂದರೆ ಎರಡೂ ಕಡೆ ಕಾರ್ಡು ಹಂಚಿ ಆಗಿದೆ. ನಮ್ಮ ಮುಹೂರ್ತ ಬಿಟ್ಟರೆ ಮುಂದಿನದು ಎರಡು ತಿಂಗಳಿಗೆ. ಖಾಜಾಸಾಬರ ಬೀಗರು ಸಿಂಧನೂರಿನವರು, ಅವರ ನೆಂಟರು ಎಲ್ಲೆಲ್ಲಿಂದಲೋ ಬರಲು ಟಿಕೆಟ್ ಮಾಡಿಸಿ ಆಗಿದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಅಂದರು: "ಮೊದಲ ಬುಕ್ ಮಾಡಿದಾಕಿ ಅಂಬಿಕಾ. ಕಾಯ್ದೆ ಪ್ರಕಾರ ಹಾಲ್ ಅಕಿದು."

ಖಾಜಾಸಾಬ್ ನಕ್ಕರು. "ಇರ್ಲಿ ಬಿಡ್ರಿ. ಮನಿ ಮುಂದ ಶಾಮಿಯಾನ ಹಾಕಿದ್ರಾತು" ಅಂದರು. ನಗುತ್ತಲೇ ಅಂದರು, ಆದರೆ ಬೆರಳಿಗಂಟಿದ್ದ ಬಣ್ಣವನ್ನು ಉಜ್ಜುತ್ತಲೇ ಇದ್ದರು. ಅವರ ಓಣಿ ನಾನು ಬಲ್ಲೆ. ಎರಡು ಬೈಕು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಅಲ್ಲಿ ಶಾಮಿಯಾನ ಎಲ್ಲಿ ಹಾಕುತ್ತಾರೆ? ಮಗಳ ಮದುವೆಗೆ ಬಂದವರನ್ನು ಎಲ್ಲಿ ಕೂರಿಸುತ್ತಾರೆ? ನನಗೆ ಬಹಳ ಕೆಟ್ಟದೆನಿಸಿತು.

ಅಂಬಿಕಾ ಎದ್ದು ನಿಂತಳು. "ಆಗಂಗಿಲ್ಲ. ಈ ಪುಟ ಮಾಡಿದಾಕಿ ನಾನು. ನನ್ನ ತಪ್ಪಿಗೆ ಪರ್ವೀನ್ ಯಾಕ ಓಣ್ಯಾಗ ಕೂಡಬೇಕು? ಮೊದಲ ಇದರ ಮ್ಯಾಲ ಅಕ್ಷರ ಇದ್ವು. ಒಬ್ರು ತೆಗಿ ಅಂದ್ರು, ತೆಗದೆ. ತೆಗೀಬಾರದಿತ್ತು."

ಹುಡುಗಿ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ. ಮೂರಿದ್ದವು. ಮತ್ತೆ ಎಣಿಸಿದೆ.

ಆಗ ನಮ್ಮ ಮನೆಯವರು ಬಾಯಿ ತೆರೆದರು.

"ಒಬ್ರು ಅಂದ್ರ ನಮ್ಮನಿಯಾಕಿ."

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಇನ್ನೇನು ಮಾಡುವುದು? ಒಪ್ಪಿಕೊಂಡೆ. ಸಿಗ್ನಲ್ ದೀಪದ ಉದಾಹರಣೆಯನ್ನೂ ಬಿಡದೆ ಎಲ್ಲ ಹೇಳಿದೆ. ಹೇಳುವಾಗಲೇ ನಾಚಿಕೆಯಾಯಿತು. ಶಾಂತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ, ಅಕ್ಕ ತಂಗಿಯರಿರುವ ಓದುಗರು ಊಹಿಸಿಕೊಳ್ಳಬೇಕು. ನನ್ನ ಪರ ವಹಿಸಿದವನು ಯಂಕಪ್ಪ ಒಬ್ಬನೇ.

"ಟೀಚರಮ್ಮಾರಿಗಿ ಏನೂ ಅನಬ್ಯಾಡ್ರಿ. ಬಣ್ಣ ಭಾಳ ಚಲೋ ಹಾಕ್ಯಾರ. ಹಣ್ಣು ಅಂದ್ರ ಖರೇನ ಹಣ್ಣ ಕಂಡಂಗ ಕಾಣತೈತಿ."

ಇಪ್ಪತ್ತಾರು ವರ್ಷದಲ್ಲಿ ನನ್ನ ಕಲೆಗೆ ಸಿಕ್ಕ ಮೊದಲ ಮೆಚ್ಚುಗೆ!

ಖಾಜಾಸಾಬ್ ಮುಂದೆ ಬಂದು ಪರದೆಯನ್ನು ಹತ್ತಿರದಿಂದ ನೋಡಿದರು. ಅಂಗಡಿಯ ಹಳೆಯ ಬೋರ್ಡು ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದರು.

"ಟೀಚರ್, ನಾ ನಲವತ್ತು ವರ್ಷ ಆತು ಬೋರ್ಡ್ ಬರಿಯಾಕತ್ತು. ಬಣ್ಣ ಕರೀತೈತಿ, ಅಷ್ಟ. 'ಬಾ ಇಲ್ಲಿ' ಅಂತೈತಿ. ಬಂದ ಮ್ಯಾಲ ಒಳಗ ಏನೈತಿ ಅಂತ ಅಕ್ಷರನ ಹೇಳಬೇಕು. ಬರೇ ಕೆಂಪು ಬಳದು ಬಿಟ್ಟರ ಅದು ಮಟನ್ ಅಂಗಡೀನೋ, ದವಾಖಾನೀನೋ, ಹೋಗೋನಿಗಿ ಹೆಂಗ ಗೊತ್ತಾಗಬೇಕು?"

ನಾನು ತಲೆಯಾಡಿಸಿದೆ. ಹಿಂದೊಮ್ಮೆ ನನ್ನ ಕ್ಲಾಸಿನಲ್ಲಿ ಎಲೆಗೆಲ್ಲ ಕೆಂಪು ಹಚ್ಚಿದ ಹುಡುಗನ ಕಿವಿ ಹಿಂಡಿದ್ದೆ. ಅವನ ಕಣ್ಣಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತವೆ ಅಂತ ಆಮೇಲೆ ಗೊತ್ತಾಗಿ, ಅವನ ಮನೆಗೆ ಹೋಗಿ ಮಾತಾಡಿಸಿ ಬಂದಿದ್ದೆ. ಅಂಥವರೂ ಹಾಲ್ ಬುಕ್ ಮಾಡಲು ಬರುತ್ತಾರೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಗೊತ್ತಿದ್ದೂ ಮರೆಯುವುದಕ್ಕೆ ಏನನ್ನಬೇಕು?

ಅಂಬಿಕಾ ಅಲ್ಲೇ, ಯಂಕಪ್ಪನ ಕುರ್ಚಿಯಲ್ಲೇ ಕೂತು ಅಕ್ಷರಗಳನ್ನೆಲ್ಲ ವಾಪಸ್ ಹಾಕಿದಳು. 'ಖಾಲಿ ಇದೆ'. 'ಬುಕ್ ಆಗಿದೆ'. ಬುಕ್ ಆದ ಚೌಕಕ್ಕೆ ಅಡ್ಡ ಗೀಟೂ ಎಳೆದಳು, ಬಣ್ಣ ಕಾಣದವರಿಗೂ ಗೀಟು ಕಾಣುತ್ತದೆ ಅಂತ. ಕೆಂಪು ಬಟನ್ನಿನ ಮೇಲೆ 'ಇನ್ನೊಂದು ಕಾರ್ಯಕ್ರಮ ಸೇರಿಸು' ಅಂತ ಬರೆದಳು. ಯಂಕಪ್ಪ ಒಂದೊಂದನ್ನೂ ಗಟ್ಟಿಯಾಗಿ ಓದಿದ. ಓದಿ ಮುಗಿಸಿ, "ಅಂದ್ರ ಈ ಹಸರಾವೆಲ್ಲಾ ಖಾಲಿ ಇದ್ವೇನು?" ಅಂತ ಬಾಯಿಯ ಮೇಲೆ ಕೈಯಿಟ್ಟುಕೊಂಡ.

ಅಷ್ಟರಲ್ಲಿ ಖಾಜಾಸಾಬ್ ಆ ಬಟನ್ನಿನ ಮೇಲಿನ ಮಾತನ್ನೇ ನೋಡುತ್ತಿದ್ದರು. "ಇನ್ನೊಂದು ಕಾರ್ಯಕ್ರಮ... ಅಕ್ಕಾರ, ನಿಮ್ಮ ಮುಹೂರ್ತ ಎಷ್ಟಕ್ಕೈತಿ?"

"ಹತ್ತೂ ಐವತ್ತಕ್ಕ" ಅಂದಳು ಶಾಂತಾ.

"ನಮ್ಮ ನಿಕಾ ಸಂಜಿಮುಂದ, ಅಸರ್ ನಮಾಜ್ ಆದಮ್ಯಾಲ. ಮೂರರ ತನಕ ನಿಮ್ದು, ಮೂರರ ಮ್ಯಾಲ ನಮ್ದು. ಆಗಂಗಿಲ್ಲೇನು?"

ಆಗುತ್ತಿತ್ತು! ಒಂದು ತಾಸಿನಿಂದ ಇಷ್ಟು ಜನ ಕೂತು ಕೂಗಾಡುತ್ತಿದ್ದೆವು, ಗಡಿಯಾರ ನೋಡಲು ಒಬ್ಬರಿಗೂ ತೋಚಿರಲಿಲ್ಲ. ಅಡುಗೆ ಮನೆ ನಮಗೆ, ಹಿತ್ತಲಿನ ಬಯಲು ಅವರ ಅಡುಗೆಯ ಬಾವರ್ಚಿಗೆ ಅಂತ ನಿಂತ ನಿಲುವಿನಲ್ಲೇ ತೀರ್ಮಾನವಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಮತ್ತೆ ಬಾಯಿ ತೆರೆದೆ.

"ಮಂದಿ ಅದಲು ಬದಲು ಆಗಬಾರದು ನೋಡ್ರಿ. ನಮ್ಮ ಕಡೇರಿಗಿ ಕೆಂಪು ರಿಬ್ಬನ್, ಅವರ ಕಡೇರಿಗಿ..."

"ಬ್ಯಾಡ!"

ಎಲ್ಲರೂ ಒಟ್ಟಿಗೇ ಕೂಗಿದರು. ಯಂಕಪ್ಪನೂ ಕೂಗಿದ. ಖಾಜಾಸಾಬ್ ಎರಡು ಬೋರ್ಡು ಬರೆದು ತರುತ್ತೇನೆ ಅಂದರು. ಬಿಳಿ ಹಲಗೆ, ಕರಿ ಅಕ್ಷರ, ಮಾತು ಮುಗಿಯಿತು.

ಮದುವೆಯ ದಿನ ಬಂತು. ಹಾಲಿನ ಬಾಗಿಲಿಗೆ ಆ ಎರಡು ಬೋರ್ಡು. 'ಅಂಬಿಕಾ ಮದುವೆ: ಮುಂಜಾನೆಯಿಂದ ಮೂರರ ತನಕ'. 'ಪರ್ವೀನ್ ನಿಕಾ: ಮೂರರಿಂದ ಮುಂದೆ'. ಒಂದೊಂದು ಅಕ್ಷರವೂ ಗೇಣುದ್ದ. ಕುರುಡರಿಗೂ ಕಾಣುವಂತಿತ್ತು.

ಗೊರೇಬಾಳದ ದಿಬ್ಬಣ ಸರಿಯಾದ ಹೊತ್ತಿಗೇ ಮಸ್ಕಿಗೆ ಬಂತು. ಆದರೆ ಬಸ್ಸಿಳಿದವರು ಡಿಜೆ ಮುಂದೆ ಕುಣಿಯುತ್ತ ಅರ್ಧ ಫರ್ಲಾಂಗು ನಡೆಯಲು ಒಂದು ತಾಸು ತೆಗೆದುಕೊಂಡರು. ಮದುವೆ ಮಾಡಿಸುವ ನಮ್ಮ ಅಯ್ನೋರು ಮುಹೂರ್ತವನ್ನು ಡಿಜೆಗೆ ತಕ್ಕಂತೆ ಹಿಗ್ಗಿಸಿದರು. ಅಂತೂ ಅಕ್ಷತೆ ಬಿತ್ತು. ಮೊಣಕೈತನಕ ಹಸಿರು ಬಳೆ, ಹಣೆ ತುಂಬ ಕೆಂಪು ಕುಂಕುಮ ಇಟ್ಟುಕೊಂಡು ಅಂಬಿಕಾ ನನ್ನ ಕಾಲಿಗೆ ಬಿದ್ದಾಗ ನಾನು ನಾಚಿಕೆ ಬಿಟ್ಟು ಅತ್ತೆ. ನನ್ನ ದಡ್ಡತನದಿಂದ ಈ ಮದುವೆಯೇ ನಿಲ್ಲುವುದರಲ್ಲಿತ್ತಲ್ಲ ಅಂತ ಇನ್ನಷ್ಟು ಅತ್ತೆ.

ಊಟ ಮುಗಿಯಿತು. ಗಂಟೆ ಮೂರಾಯಿತು. ಒಬ್ಬರೂ ಏಳಲಿಲ್ಲ.

ಹೋಳಿಗೆ ಉಂಡವರನ್ನು ಫ್ಯಾನಿನ ಕೆಳಗಿಂದ ಎಬ್ಬಿಸಿ ನೋಡಿದ್ದೀರಾ? ಎಲೆ ಅಡಿಕೆ ತಟ್ಟೆ ಸುತ್ತುತ್ತಿತ್ತು. ನಾಲ್ಕು ಕುರ್ಚಿ ಜೋಡಿಸಿ ಮಲಗಿದವರಿದ್ದರು. ನಮ್ಮ ಸೋದರಮಾವ ಒಬ್ಬರು ಬಾಗಿಲಲ್ಲಿ, 'ಮೂರರ ತನಕ' ಅನ್ನುವ ಬೋರ್ಡಿಗೇ ಕುರ್ಚಿ ಒರಗಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಬಾಗಿಲಾಚೆ ಖಾಜಾಸಾಬರ ನೆಂಟರು ಮಕ್ಕಳು ಮರಿ ಕಟ್ಟಿಕೊಂಡು ಬಿಸಿಲಲ್ಲಿ ನಿಂತಿದ್ದರು.

ಮೂರೂವರೆ. ಖಾಜಾಸಾಬ್ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಟೀಚರ್, ನೌಶಾ ಸಿಂಧನೂರು ಬಿಟ್ಟಾನಂತ. ಮದುಮಗ ಬರೋದರಾಗ ನಮ್ಮ ಮಂದಿ ಸ್ಟೇಜ್ ಹೂವ ಬದಲಿ ಮಾಡಬೇಕು. ಬೀಗರು ಬಂದು ಹೊರಗ ನಿಂತ್ರ ನನ್ನ ಮಾನ ಹೋಗತೈತ್ರಿ."

ನಾನು ಒಬ್ಬೊಬ್ಬರ ಹತ್ತಿರ ಹೋಗಿ ಕೈ ಮುಗಿದೆ. "ಆತು, ಎದ್ದೆವು" ಅಂದವರೆಲ್ಲ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. ಬೋರ್ಡು ತೋರಿಸಿದೆ. "ಹೌದಲ್ಲ, ಅಕ್ಷರ ಚಂದ ಬರದಾನ" ಅಂದರು. ನನಗೆ ಅಳು ಬಂತು. ಈ ಸಲ ಖುಷಿಗಲ್ಲ.

ಇದನ್ನೆಲ್ಲ ನೋಡುತ್ತ ನಿಂತಿದ್ದ ಯಂಕಪ್ಪ ಮೂಲೆಯ ಸ್ವಿಚ್ ಬೋರ್ಡಿನ ಹತ್ತಿರ ಹೋದ. ಟಕ್, ಟಕ್, ಟಕ್. ಹಾಲಿನ ಫ್ಯಾನೆಲ್ಲ ಬಂದ್.

ನಮ್ಮ ಬಿಸಿಲು ನಿಮಗೆ ಗೊತ್ತು. ಐದು ನಿಮಿಷದಲ್ಲಿ ಹಾಲ್ ಖಾಲಿ. ಸೋದರಮಾವ ಎದ್ದ ರಭಸಕ್ಕೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋದರು.

"ಹಿಂಗ ಹೇಳಿದ್ರ ಎಲ್ಲಾರಿಗೂ ತಿಳೀತೈತ್ರಿ" ಅಂದ ಯಂಕಪ್ಪ. ಖಾಲಿ ಹಾಲಿಗೆ ಖಾಜಾಸಾಬರ ಮಂದಿ ಓಡಿ ಬಂದರು. ಹೂವು ಬದಲಾಯಿತು. ವರ ಬಂದಾಗ ಬಾಗಿಲಲ್ಲಿ ಅತ್ತರು ಹಿಡಿದು ಖಾಜಾಸಾಬ್ ನಿಂತಿದ್ದರು, ಪಕ್ಕದಲ್ಲಿ ಅಧ್ಯಕ್ಷರೂ ನಿಂತಿದ್ದರು. ನಿಕಾ ಹೇಳಿದ ಹೊತ್ತಿಗೇ ಆಯಿತು. ನಮ್ಮ ಮದುವೆಗಿಂತ ಹೊತ್ತಿಗೆ ಸರಿಯಾಗಿ ಆಯಿತು ಅನ್ನುವುದನ್ನು ಸುಮ್ಮನೆ ಒಪ್ಪಿಕೊಳ್ಳುತ್ತೇನೆ. ಅಂಬಿಕಾ ಹೋಗಿ ಪರ್ವೀನಳ ಪಕ್ಕ ಕೂತು ಫೋಟೋ ತೆಗೆಸಿಕೊಂಡಳು.

ಆಗ ನೆನಪಾಯಿತು, ನಮ್ಮ ಮನೆಯವರೆಲ್ಲಿ? ಫ್ಯಾನು ನಿಂತಾಗಿನಿಂದ ಮನುಷ್ಯ ಪತ್ತೆ ಇಲ್ಲ. ಫೋನು ಎತ್ತುತ್ತಿಲ್ಲ. ಬಸ್‌ಸ್ಟ್ಯಾಂಡಿನ ತನಕ ಹೋಗಿ ನೋಡಿ ಬಂದೆ. ಕೊನೆಗೆ ಹಾಲಿನ ಹಿತ್ತಲಿಗೆ ಹೋದೆ.

ಬೇವಿನ ಮರದ ಕೆಳಗೆ ಖಾಜಾಸಾಬರ ಕಡೆಯ ಪಂಕ್ತಿ ಕೂತಿತ್ತು. ದೊಡ್ಡ ಡೇಗಿನಿಂದ ಮಸಾಲೆಯ ಬಗಾರ ಅನ್ನದ ಹಬೆ ಏಳುತ್ತಿತ್ತು. ಪಂಕ್ತಿಯ ನಡುವೆ ನಮ್ಮ ಮನೆಯವರು, ಕಣ್ಣು ಮುಚ್ಚಿಕೊಂಡು ಅನ್ನಕ್ಕೆ ದಾಲ್ಚಾ ಸಾರು ಕಲಸುತ್ತಿದ್ದರು. ಪಕ್ಕದಲ್ಲಿ ಯಾರದೋ ಚಪ್ಪಲಿಯ ಸೋದರಮಾವ. ಆಚೆ ಗೊರೇಬಾಳದ ಆರು ಜನ ಬೀಗರು. ಒಂದೂವರೆಗೆ ನಮ್ಮ ಹೋಳಿಗೆ ಉಂಡವರೇ ಎಲ್ಲ.

ನಾನು ಎಬ್ಬಿಸಲು ಹೋದರೆ ಬಡಿಸುತ್ತಿದ್ದ ಖಾಜಾಸಾಬ್ ಅಡ್ಡ ಬಂದರು. "ಕುಂತೋರ್ನ ಎಬ್ಬಸಬಾರದ್ರಿ ಟೀಚರ್. ಉಣ್ಲಿ ಬಿಡ್ರಿ." ಇನ್ನೊಂದು ಸೌಟು ಹಾಕಿ ಮುಂದೆ ಹೋದರು.

ನಾನು ಹಲ್ಲು ಕಚ್ಚಿಕೊಂಡು ನಮ್ಮ ಮನೆಯವರ ಕಿವಿಯ ಹತ್ತಿರ ಬಾಗಿದೆ. "ಏನ್ರೀ, ಬಾಗಲದಾಗ ಗೇಣುದ್ದ ಅಕ್ಷರದಾಗ ಬರದೈತಲ್ಲ. ಇದು ನಮ್ಮ ಮದುವಿ ಅಲ್ಲಂತ ಗೊತ್ತಾಗಲಿಲ್ಲೇನು?"

ಅವರು ಕಣ್ಣು ತೆರೆಯಲಿಲ್ಲ. "ಬೋರ್ಡ್ ಯಾರು ನೋಡ್ಯಾರ? ವಾಸನಿ ಬಂತು, ಬಂದೆ."

ಕಂಪ್ಯೂಟರಿನವರೇ, ವಾಸನೆಗೊಂದು ಬಟನ್ ಮಾಡುವುದು ಯಾವಾಗ?